ನಮ್ಮತ್ತೆಯವರ ದುಂಡು ರೀಲು ಮತ್ತು ತಮ್ಮ ‘ಇಚ್ಛಾನುಸಾರ’

ಮಾನ್ಯರೇ,

ಗಾಳದ ಕೋಲಿಗೆ ಕೂರಿಸಿ ದಾರ ಸುತ್ತುವ ದುಂಡು ರೀಲಿನ ಡಬ್ಬಿಯೊಳಗೆ ನಾಲ್ಕು ಮಡಿಕೆಯಾಗಿ ಮಲಗಿರುವ ಕೈಪಿಡಿಯನ್ನು ಬರೆದವರೂ, ಅದರ ಕೆಳಗೆ ಹೆಸರು ಹಾಕಿಕೊಳ್ಳದಷ್ಟು ವಿನಯವಂತರೂ ಆದ ತಮಗೆ ಹೊಲಿಗೆಯಂಗಡಿಯ ಹೆಂಗಸೊಬ್ಬಳ ಸಾದರ ನಮಸ್ಕಾರಗಳು. ತಾವೂ ತಮ್ಮ ಮನೆಮಂದಿಯೂ ಸುಖವಾಗಿರುವಿರೆಂದು ನಂಬಿದ್ದೇನೆ. ನಾವೂ ಸುಖವಾಗಿದ್ದೇವೆ, ತಮ್ಮ ಕೈಪಿಡಿ ಮನೆಗೆ ಬಂದ ಮೊದಲ ಮೂರು ವಾರಗಳನ್ನು ಬಿಟ್ಟು ಹೇಳುವುದಾದರೆ, ಪೂರ್ತಿ ಸುಖವಾಗಿದ್ದೇವೆ. ಕೈಪಿಡಿಯಲ್ಲಿ ತಮ್ಮ ವಿಳಾಸವನ್ನು ತಿಳಿಸದಿರುವ ಜಾಣತನವನ್ನು ಮೆಚ್ಚುತ್ತಲೇ, ಇಡೀ ಊರು ಓದಿದರೆ ಎಲ್ಲಾದರೊಂದು ಕಡೆ ತಮಗೂ ಮುಟ್ಟೀತೆಂಬ ಆಸೆಯಿಂದ ಇದನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ.

ಮೊದಲು ನಮ್ಮ ಮನೆಯ ಪರಿಚಯ. ನಮ್ಮತ್ತೆಯವರು ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿ ನಿವೃತ್ತರಾದವರು. ಬಸ್ಸು ಬಿಟ್ಟ ಮಾರನೆಯ ದಿನವೇ ಗಾಳದ ಕೋಲು ಹಿಡಿದು, ಊರಾಚೆಯ ಹಳೆಯ ಕಲ್ಲುಗಣಿಯಲ್ಲಿ ನೀರು ನಿಂತು ಆದ ಕೆರೆಯ ದಂಡೆಗೆ ಹೋಗಿ ಕೂತರು. ಆ ಕೆರೆಯಲ್ಲಿ ಬಾಸ್ ಎಂಬ ಮೀನಿದೆ. ಹೆಸರಿಗೆ ತಕ್ಕಂತೆ ಅದು ಮೇಲಧಿಕಾರಿಯ ಗತ್ತಿನ ಮೀನು: ಕರೆದಾಗ ಬರುವುದಿಲ್ಲ, ಬಂದಾಗ ನಾವು ಸಿದ್ಧರಾಗಿರುವುದಿಲ್ಲ, ಬಾಯಿ ಮಾತ್ರ ಬಹಳ ದೊಡ್ಡದು. ಏಳು ವರ್ಷ ಅತ್ತೆಯವರೂ ಆ ಮೀನೂ ಪರಸ್ಪರ ಗೌರವದಿಂದ ನಡೆದುಕೊಂಡರು. ಆಮೇಲೆ ಅವರ ಬಲ ಹೆಬ್ಬೆರಳಿನ ಕೀಲು ಸವೆಯಿತು. ಮೂಳೆ ವೈದ್ಯರು ಕುಯ್ದು ಕೀಲನ್ನೇ ಬೆಸೆದುಬಿಟ್ಟರು. ನೋವು ಹೋಯಿತು, ಜೊತೆಗೆ ಬೆರಳು ಮಡಚುವುದೂ ಹೋಯಿತು. ಅತ್ತೆಯವರು ಹಳೆಯ ಕೋಲನ್ನು ಬಸ್ ನಿಲ್ದಾಣದ ಕಾವಲುಗಾರನಿಗೆ ಕೊಟ್ಟುಬಿಟ್ಟು, ನನ್ನ ಅಂಗಡಿಯ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕಾಯಂ ಆದರು.

ನಮ್ಮ ಮನೆಯ ಮುಂದಿನ ಕೋಣೆಯೇ ಅಂಗಡಿ ಎಂಬುದನ್ನೂ, ಅತ್ತೆಯವರ ಕಣ್ಣಿಗೆ ಇನ್ನೂ ಕನ್ನಡಕ ಬಂದಿಲ್ಲವೆಂಬುದನ್ನೂ ತಾವು ದಯವಿಟ್ಟು ಗಮನಿಸಬೇಕು. “ಎಡದ ತೋಳು ಅರ್ಧ ಬೆರಳು ಇಳಿದಿದೆ ಕಣೇ” ಎಂದು ಅವರು ಹೇಳುವುದು, ನಾನು ಅಳತೆ ಹಿಡಿಯುವುದು, ಅದು ಸರಿಯಾಗಿ ಅರ್ಧ ಬೆರಳೇ ಇಳಿದಿರುವುದು, ಹೀಗೆ ನಾಲ್ಕು ತಿಂಗಳು ಕಳೆದವು. ತಪ್ಪು ಹೇಳುವ ಅತ್ತೆಯನ್ನು ಯಾವ ಸೊಸೆಯಾದರೂ ಸಹಿಸಿಕೊಂಡಾಳು. ಯಾವಾಗಲೂ ಸರಿಯಾಗಿಯೇ ಹೇಳುವ ಅತ್ತೆಯೊಂದಿಗೆ ಒಂದೇ ಕೋಣೆಯಲ್ಲಿ ಹೊಲಿದು ನೋಡಿದವರಿಗೆ ನನ್ನ ಕಷ್ಟ ಅರ್ಥವಾದೀತು.

ಆಗ ನಮ್ಮ ಯಜಮಾನರು ಹೊಸ ಕೋಲೊಂದರ ಜೊತೆಗೆ ತಾವು ಬರೆದ ಕೈಪಿಡಿಯ ಆ ರೀಲನ್ನು ತಂದರು. ಅವರು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದು, ಬಂದವರ ಕಣ್ಣಿಗೆ ಗಾಜಿಟ್ಟು “ಇದು ಚೆನ್ನಾಗಿ ಕಾಣುತ್ತಾ, ಅದಾ?” ಎಂದು ದಿನವಿಡೀ ಕೇಳುವವರು. ಹೆತ್ತ ತಾಯಿಯನ್ನು ಮಾತ್ರ ಒಂದು ಮಾತೂ ಕೇಳದೆ, ಡಬ್ಬಿ ತಂದು ಅವರ ಮಡಿಲಿಗಿಟ್ಟು, “ಅಮ್ಮ, ನಾಳೆಯಿಂದ ಕೆರೆಗೆ” ಎಂದರು. ಅತ್ತೆಯವರು ಡಬ್ಬಿಯನ್ನು ತೆರೆಯಲೂ ಇಲ್ಲ, ಬೇಡವೆನ್ನಲೂ ಇಲ್ಲ. ಹಾಗಾಗಿ ಅದನ್ನು ಸಿದ್ಧಗೊಳಿಸುವ ಭಾಗ್ಯ ನನ್ನದಾಯಿತು. ದಾರ, ಉರುಳೆ, ತಿರುಪು ಅಂದರೆ ಹೊಲಿಗೆಯವಳ ಕೆಲಸವೇ ಅಲ್ಲವೇ ಎಂದು ಯಜಮಾನರ ವಾದ.

ಇನ್ನು ತಮ್ಮ ಕೃತಿಯ ವಿಚಾರ. ಅದರಲ್ಲಿ ‘ತಮ್ಮ ಇಚ್ಛಾನುಸಾರ’ ಎಂಬ ಮಾತು ಹನ್ನೊಂದು ಸಲ ಬರುತ್ತದೆ. ಯಾವ ದಾರ ಸುತ್ತಬೇಕು? ಇಚ್ಛಾನುಸಾರ. ಉರುಳೆಯ ಓಟ ತಡೆಯುವ ಒಳಗಿನ ಆರು ಬ್ರೇಕುಗಳಲ್ಲಿ ಎಷ್ಟನ್ನು ಹಾಕಬೇಕು? ಇಚ್ಛಾನುಸಾರ. ಹಿಡಿಕೆಯ ಪಕ್ಕದ ತಿರುಪು ಎಷ್ಟು ಬಿಗಿ? ಅದೂ ಇಚ್ಛಾನುಸಾರ. ಮದುವೆಯಾದ ಹತ್ತೊಂಬತ್ತು ವರ್ಷಗಳಲ್ಲಿ ನನ್ನ ಇಚ್ಛೆಯನ್ನು ಯಾರೂ ಇಷ್ಟು ಸಲ ವಿಚಾರಿಸಿರಲಿಲ್ಲವಾದ್ದರಿಂದ, ಮೊದಲ ಓದಿಗೆ ನನ್ನ ಕಣ್ಣು ತುಂಬಿ ಬಂತು. ಎರಡನೆಯ ಓದಿಗೆ ತಲೆ ತಿರುಗಿತು.

ಯಜಮಾನರ ಇಚ್ಛೆಯಂತೆ ಹೆಣೆದ ದಾರವನ್ನೇ ಸುತ್ತಿದೆ. ತೆಳ್ಳಗಿದ್ದರೂ ಗಟ್ಟಿ, ನೋಡಲು ಚೆಂದ. ದಾರದ ತುದಿಯನ್ನು ಹಿತ್ತಿಲ ಬಾಗಿಲಿಗೆ ಕಟ್ಟಿ ಹಿಡಿಕೆ ತಿರುಗಿಸಿದರೆ, ಉರುಳೆ ತನ್ನ ಪಾಡಿಗೆ ತಿರುಗುತ್ತದೆ, ಅದರ ಮೇಲಿನ ದಾರ ನಿಂತಲ್ಲೇ ನಿಂತಿರುತ್ತದೆ! ನುಣುಪು ಲೋಹದ ಮೇಲೆ ನುಣುಪು ದಾರ ಜಾರುತ್ತದೆಂದು ಬಾಬಿನ್ ಸುತ್ತುವ ಯಾರಿಗಾದರೂ ಗೊತ್ತು, ನನಗೂ ಗೊತ್ತಿತ್ತು, ಆದರೆ ಇಷ್ಟು ದೊಡ್ಡ ಕಂಪನಿಯವರು ಬಾಯಿ ಬಿಡದಿರುವಾಗ ನಾನೇಕೆ ಅಧಿಕಪ್ರಸಂಗ ಮಾಡಲಿ ಎಂದು ಸುಮ್ಮನಿದ್ದೆ. ಎಲ್ಲವನ್ನೂ ಬಿಚ್ಚಿ, ಎಲ್ಲಕ್ಕಿಂತ ಕೆಳಗೆ ಹತ್ತು ಸುತ್ತು ಸಾದಾ ನೈಲಾನ್ ಹಾಕಿ, ಅದರ ಮೇಲೆ ಹೆಣೆದದ್ದನ್ನು ಸುತ್ತಿದ ಮೇಲೆ ಹಿಡಿತ ಬಂತು. ಈ ಒಂದು ಸಾಲು ತಮ್ಮ ಕೈಪಿಡಿಯಲ್ಲಿದ್ದರೆ ನನ್ನ ಒಂದು ಮಧ್ಯಾಹ್ನ ಉಳಿಯುತ್ತಿತ್ತು. ಆದರೂ ತಾವು ಓದುಗರ ಬುದ್ಧಿಯ ಮೇಲಿಟ್ಟಿರುವ ನಂಬಿಕೆ ದೊಡ್ಡದು.

ಬ್ರೇಕುಗಳ ವಿಷಯದಲ್ಲಿ ಯಜಮಾನರು, “ಬ್ರೇಕು ಕಡಿಮೆ ಇದ್ದಷ್ಟೂ ದೂರ ಹೋಗುತ್ತೆ” ಎಂದು ಪಕ್ಕದ ತಟ್ಟೆ ಬಿಚ್ಚಿ ಆರನ್ನೂ ತೆಗೆದರು. ಆಮೇಲೆ ಹಿತ್ತಿಲಲ್ಲಿ ನಿಂತು ಗಂಭೀರವಾಗಿ ಕೋಲು ಬೀಸಿದರು. ಎರೆಯ ಬದಲು ಕಟ್ಟಿದ ಮರದ ಹುಸಿಮೀನು ಎರಡು ಮಾರು ಹೋಗಿ ಬಿತ್ತು. ಉರುಳೆಗೆ ಆ ಸುದ್ದಿ ಮುಟ್ಟಲಿಲ್ಲ. ಅದು ತಿರುಗುತ್ತಲೇ ಇದ್ದು, ಹೊರಬಂದ ದಾರವೆಲ್ಲ ತನ್ನ ಮೇಲೆಯೇ ಸುತ್ತಿಕೊಂಡು, ನೋಡನೋಡುತ್ತಿದ್ದಂತೆ ಒಂದು ಗುಬ್ಬಿಗೂಡು ತಯಾರಾಯಿತು. ಒಳಗೆ ಮೊಟ್ಟೆ ಇಲ್ಲವೆಂಬುದಷ್ಟೇ ಕೊರತೆ. ನಾನು ಕೊಕ್ಕೆಸೂಜಿ ಹಿಡಿದು ಅದನ್ನು ಬಿಡಿಸುತ್ತ ಕೂತ ಎರಡು ಗಂಟೆಯೂ ಅತ್ತೆಯವರು ಕಿಟಕಿಯಿಂದ ನೋಡುತ್ತಿದ್ದರು. ತೋಳು ಇಳಿದರೆ ಹೇಳುವವರು ಇಷ್ಟಕ್ಕೂ ಸುಮ್ಮನಿದ್ದಾರಲ್ಲ ಎಂದು ನನಗೆ ಮೊದಲ ಸಲ ಭಯವಾಯಿತು.

ಹೀಗೇ ಗೂಡು ಕಟ್ಟುತ್ತ ಬಿಡಿಸುತ್ತ ಮೂರು ವಾರ ಕಳೆದು, ಬಟ್ಟೆ ಕೊಟ್ಟು ಬರಲು ಹೊರಗೆ ಹೋಗಿದ್ದ ನಾನು ಬೇಗ ಮರಳಿದಾಗ ಕಂಡದ್ದನ್ನು ತಮಗೆ ತಿಳಿಸುವುದು ನನ್ನ ಕರ್ತವ್ಯ. ಅತ್ತೆಯವರು ಹಿತ್ತಿಲಲ್ಲಿ ಒಬ್ಬರೇ ನಿಂತಿದ್ದರು. ಕೋಲು ಬಲಗೈಯಲ್ಲಿತ್ತು. ಗುಂಡಿ ಒತ್ತಿದೊಡನೆ ಉರುಳೆ ಬಿಡುಗಡೆಯಾಗುತ್ತದೆ, ಆಮೇಲೆ ಅದನ್ನು ಅದುಮಿ ತಡೆಯಬೇಕಾದದ್ದು ಹೆಬ್ಬೆರಳೇ. ಆ ಬೆರಳು ಮೊಳೆಯಂತೆ ನೆಟ್ಟಗೆ ನಿಂತಿತ್ತು. ಹುಸಿಮೀನು ಕಾಲ ಬಳಿಯೇ ಬಿತ್ತು. ನನ್ನನ್ನು ಕಂಡು ಕೋಲನ್ನು ಗೋಡೆಗೊರಗಿಸಿ, “ಬ್ರೇಕಿಲ್ಲದ ಬಸ್ಸನ್ನ ನಾನು ಒಂದು ದಿನಾನೂ ರಸ್ತೆಗೆ ಇಳಿಸಿದವಳಲ್ಲ ಕಣೇ. ಈಗ ನಾನೇ ಹಾಗಾಗಿದ್ದೀನಿ. ಸುಮ್ನೆ ಇದನ್ನ ವಾಪಸ್ ಕೊಟ್ಟು ಬರೋಕೆ ಹೇಳು ಅವನಿಗೆ” ಎಂದರು.

ಮಾನ್ಯರೇ, ಆಗ ನನ್ನ ಬಾಯಿಂದ ಒಂದು ಪ್ರಶ್ನೆ ಬಂತು. ಅದನ್ನು ತಮ್ಮ ಹನ್ನೊಂದು ಇಚ್ಛಾನುಸಾರಗಳೂ, ನಮ್ಮ ಯಜಮಾನರೂ, ಮೂರು ವಾರ ತಿರುಪು ತಿರುಗಿಸಿದ ನಾನೂ ಕೇಳಬೇಕಿತ್ತು, ಯಾರೂ ಕೇಳಿರಲಿಲ್ಲ. “ಅತ್ತೆ, ನಿಮ್ಮ ಎಡಗೈ ಹೆಬ್ಬೆಟ್ಟು ಹೇಗಿದೆ?”

ಅವರು ಎಡಗೈ ಎತ್ತಿ, ಹೆಬ್ಬೆರಳನ್ನು ಎರಡು ಸಲ ಮಡಚಿ ಬಿಚ್ಚಿದರು. “ಮೂವತ್ತೊಂದು ವರ್ಷ ಗೇರು ಹಾಕಿದ್ದು ಇದೇ. ಸ್ಟೇರಿಂಗ್ ಬಿಡದೆ ಹಿಡಿದದ್ದು ಬಲಗೈ” ಎಂದರು, ಹೇಳುತ್ತಲೇ ಗೋಡೆಗೊರಗಿದ್ದ ಕೋಲಿನ ಕಡೆ ತಿರುಗಿದರು.

ಇಂಥ ದುಂಡು ರೀಲಿನ ಹಿಡಿಕೆಯನ್ನು ಈ ಪಕ್ಕದಿಂದ ಆ ಪಕ್ಕಕ್ಕೆ ಬದಲಾಯಿಸಲಾಗುವುದಿಲ್ಲವೆಂಬುದನ್ನು ನಾವು ಸ್ವಂತ ಪರಿಶ್ರಮದಿಂದ ಕಂಡುಕೊಂಡಿದ್ದೆವು. ಯಜಮಾನರು ಕಣ್ಣುಮುಚ್ಚಿ ತಂದದ್ದು ಬಲಪಕ್ಕದ ಹಿಡಿಕೆಯದು. ಅಂದರೆ ಎಡಗೈಯಲ್ಲಿ ಕೋಲು ಹಿಡಿದು, ಎಡ ಹೆಬ್ಬೆರಳಿಂದ ಉರುಳೆ ತಡೆದು, ಬಲಗೈಯಲ್ಲಿ ತಿರುಗಿಸಿದರಾಯಿತು. ಕೈ ಬದಲಾಯಿಸುವ ಗೋಜೇ ಇಲ್ಲ. ಏನನ್ನೂ ಯೋಚಿಸದೆ ಸರಿಯಾದದ್ದನ್ನೇ ತರುವ ವಿದ್ಯೆ ನಮ್ಮವರಿಗೆ ಹುಟ್ಟಿನಿಂದ ಬಂದದ್ದು. ಹಿಡಿಕೆಯ ಗುಬುಟು ಮಾತ್ರ ಅತ್ತೆಯವರ ಬಲ ಮುಷ್ಟಿಗೆ ಸಣ್ಣದಾಯಿತು. ಹಳೆಯ ಕೋಟಿನ ಮೊಣಕೈಗೆ ಹಚ್ಚಿದ್ದ ತೊಗಲಿನ ತೇಪೆಯನ್ನು ಕತ್ತರಿಸಿ, ಒಳಗೆ ಬಟ್ಟೆಚೂರು ತುಂಬಿ, ಲಿಂಬೆಗಾತ್ರದ ಟೋಪಿಯೊಂದನ್ನು ಅದಕ್ಕೆ ಹೊಲಿದೆ. ತಮ್ಮ ಯಂತ್ರಕ್ಕೆ ಟೋಪಿ ಹಾಕಿದ್ದಕ್ಕೆ ಕ್ಷಮೆಯಿರಲಿ.

ಅಂದಿನಿಂದ ಹೊಂದಾಣಿಕೆಯ ಅಧಿಕಾರ ಅತ್ತೆಯವರ ಕೈಗೆ ಹೋಯಿತು. ಆರು ಬ್ರೇಕುಗಳನ್ನೂ ವಾಪಸ್ ಹಾಕಿಸಿದರು. ಹುಸಿಮೀನನ್ನು ಕೋಲಿನ ತುದಿಯಿಂದ ಇಳಿಬಿಟ್ಟು, ಅದು ತನ್ನ ಭಾರಕ್ಕೆ ತಾನೇ ಮೆಲ್ಲಗೆ ಇಳಿದು, ನೆಲ ಮುಟ್ಟಿದೊಡನೆ ಉರುಳೆಯೂ ನಿಲ್ಲುವ ತನಕ ಪಕ್ಕದ ತಿರುಪನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಬಿಗಿ ಮಾಡಿಸಿದರು. ಮೊದಲ ದಿನ ಎಡಗೈಯ ಎಸೆತ ಹನ್ನೊಂದು ಅಡಿ. ನಾನೇ ಟೇಪು ಹಿಡಿದು ಅಳೆದೆ. ಮಾರನೆಯ ದಿನ ಹಿತ್ತಿಲಲ್ಲಿ ಒಗೆದು ಒಣಹಾಕಿದ್ದ, ನನ್ನ ಗಿರಾಕಿಯೊಬ್ಬಳ ಲಂಗಕ್ಕೆ ಗಾಳ ಸಿಕ್ಕಿತು. ಆರನೆಯ ದಿನ ಮೂವತ್ತಾರು ಅಡಿ, ಗೂಡಿಲ್ಲದೆ. ಒಂದು ಬ್ರೇಕು ತೆಗೆದೆವು, ಇನ್ನೊಂದು ತೆಗೆದೆವು. ಮೂರನೆಯದನ್ನೂ ತೆಗೆಯೋಣವೆಂದು ಯಜಮಾನರು ಮುಂದಾದಾಗ, “ನಾಲ್ಕಿರಲಿ. ಗಾಡಿ ನಿಲ್ಲಿಸೋಕೆ ಬರೋವಷ್ಟೇ ಓಡಿಸ್ಬೇಕು” ಎಂದು ಕೈ ಅಡ್ಡ ಹಿಡಿದರು. ಈ ಒಂದು ವಾಕ್ಯ ತಮ್ಮ ಇಡೀ ಕೈಪಿಡಿಗಿಂತ ಚಿಕ್ಕದಿದ್ದರೂ ಹೆಚ್ಚು ಕೆಲಸಕ್ಕೆ ಬಂತೆಂದು ಹೇಳಲು ನನಗೆ ಸಂಕೋಚವಾಗುತ್ತದೆ.

ಕಳೆದ ವಾರದ ರಜಾದಿನ ಬೆಳಗ್ಗೆ ಮೂವರೂ ಕೆರೆಗೆ ಹೋದೆವು. ಮೊದಲ ಎಸೆತ ಜೊಂಡಿಗೆ ಸಿಕ್ಕಿತು, ಎರಡನೆಯದು ಯಜಮಾನರ ಟೋಪಿಯನ್ನು ನೀರಿಗೆ ಹಾಕಿತು. ಒಂಬತ್ತನೆಯದೋ ಹತ್ತನೆಯದೋ ಎಸೆತಕ್ಕೆ ಕೋಲು ದಿಢೀರನೆ ಬಾಗಿತು. ಹಿಡಿಕೆಯ ಬುಡದ ನಕ್ಷತ್ರಾಕಾರದ ಚಕ್ರ, ಮೀನು ಎಳೆದಾಗ ದಾರವನ್ನು ಎಷ್ಟು ಬಿಡಬೇಕೆಂದು ತೀರ್ಮಾನಿಸುವ ಆ ಚಕ್ರ, ಪೂರ್ತಿ ಬಿಗಿಯಾಗಿತ್ತು. ಅದನ್ನು ಬಿಗಿದವರು ಯಾರೆಂದು ನಾನು ಹೇಳುವುದಿಲ್ಲ, ಟೋಪಿಯಿಲ್ಲದೆ ನಿಂತಿದ್ದರು. ದಾರ ಇನ್ನೇನು ಕಡಿಯುತ್ತದೆ ಎನ್ನುವಾಗ ಅತ್ತೆಯವರು ಬಲಗೈಯ ನಾಲ್ಕೂ ಬೆರಳು ಚಾಚಿ ಚಕ್ರವನ್ನು ಹಿಂದಕ್ಕೆ ಸರಿಸಿ, “ಹೋಗು ಹೋಗು, ಎಷ್ಟು ದೂರ ಹೋಗ್ತೀಯೋ ನೋಡೇ ಬಿಡ್ತೀನಿ” ಎಂದು ದಾರ ಬಿಟ್ಟರು. ಮೀನು ಓಡಿತು, ನಿಂತಿತು, ಇವರು ಸುತ್ತಿದರು. ಮತ್ತೆ ಓಡಿತು. ಅವರ ಎಡತೋಳು ನಡುಗುವುದು ಕಂಡು ನಾನು ಕೈ ಹಾಕಲು ಹೋದರೆ ಮೊಣಕೈಯಿಂದ ತಳ್ಳಿದರು. ಕೊನೆಗೆ ದಂಡೆಯಿಂದ ಎರಡು ಮೊಳದಾಚೆ ಆ ದೊಡ್ಡ ಬಾಯಿ ನೀರ ಮೇಲೆ ತೆರೆದುಕೊಂಡು, ತಲೆಯನ್ನೊಮ್ಮೆ ಒದರಿ, ಗಾಳವನ್ನು ನಮ್ಮ ಕಾಲ ಬಳಿಗೇ ಉಗಿದು ಹೊರಟುಹೋಯಿತು.

ನನಗೆ ಅಳು ಬಂತೆಂದು ಒಪ್ಪಿಕೊಳ್ಳುತ್ತೇನೆ. ಅತ್ತೆಯವರು ಕೋಲನ್ನು ತೊಡೆಗೊರಗಿಸಿ, ನೆಟ್ಟಗೆ ನಿಂತ ಹೆಬ್ಬೆರಳಿಂದಲೇ ಹಣೆಯ ಬೆವರು ಒರೆಸಿಕೊಂಡು, ಐದು ತಿಂಗಳಿಂದ ನಾವು ಕೇಳದ ನಗು ನಕ್ಕರು. “ಹೋಗ್ಲಿ ಬಿಡೇ. ಅದಕ್ಕೂ ಮನೇಲಿ ಒಬ್ಬಳು ಅತ್ತೆ ಇರ್ತಾಳೆ, ತಡವಾದ್ರೆ ಬೈತಾಳೆ” ಎಂದವರೇ ಮತ್ತೆ ಎಸೆದರು.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿಗಳು ಹೀಗಿವೆ. ಮುಂದಿನ ಕೈಪಿಡಿ ಅಚ್ಚಾಗುವ ಮೊದಲು ತಾವು ಖುದ್ದಾಗಿ ನಮ್ಮ ಅಂಗಡಿಗೆ ಬಂದು, ಬಲ ಹೆಬ್ಬೆರಳಿಗೆ ಅಡಿಕೋಲು ಕಟ್ಟಿಸಿಕೊಂಡು ಮೂರು ವಾರ ಇದ್ದು ಹೋಗಬೇಕು. ಊಟ, ವಸತಿ ಮತ್ತು ಅತ್ತೆಯವರ ಟೀಕೆ ನಮ್ಮ ಕಡೆಯಿಂದ. ಎಷ್ಟು ಮಾತು ಬಿಡಬೇಕೆಂದು ತೀರ್ಮಾನಿಸುವ ನಕ್ಷತ್ರ ಚಕ್ರವೊಂದನ್ನು ಗಂಡಂದಿರಿಗೆ ಹೊಂದುವ ಅಳತೆಯಲ್ಲಿ ತಯಾರಿಸಬೇಕು. ಜೊತೆಗೆ, ಈಗ ಅತ್ತೆಯವರು ಬೆಳಗ್ಗೆ ಹೋದವರು ಮಧ್ಯಾಹ್ನ ಮೀರಿದರೂ ಬರದಿರುವುದರಿಂದ, ನಾನು ಹೊಲಿದ ತೋಳು ನೆಟ್ಟಗಿದೆಯೋ ಇಲ್ಲವೋ ಎಂದು ಹೇಳುವವರಿಲ್ಲದೆ ಕಂಗಾಲಾಗಿರುವ ನನಗೆ ಏನಾದರೊಂದು ಪರಿಹಾರ ಸೂಚಿಸಬೇಕು. ನಿನ್ನೆ ಒಂದು ಕುಪ್ಪಸವನ್ನು ಹಿಡಿದುಕೊಂಡು ಖಾಲಿ ಕುರ್ಚಿಯ ಕಡೆ ತಿರುಗಿ, “ಹೇಗಿದೆ ಅತ್ತೆ?” ಎಂದು ಕೇಳಿಬಿಟ್ಟೆ. ಗಿರಾಕಿ ನಕ್ಕಳು.

ತಮ್ಮ ಯಂತ್ರಕ್ಕೆ ದೀರ್ಘಾಯುಸ್ಸನ್ನೂ ತಮ್ಮ ಗದ್ಯಕ್ಕೆ ಸ್ವಲ್ಪ ಉದ್ದವನ್ನೂ ಹಾರೈಸುತ್ತ,

ಕೊಕ್ಕೆಸೂಜಿ ಕೆಳಗಿಟ್ಟು ಬರೆದ ತಮ್ಮ ವಿಶ್ವಾಸಿ,
ಹೊಲಿಗೆಯಂಗಡಿಯ ಸೊಸೆ

ಮರೆತ ಮಾತು: ಈ ಭಾನುವಾರದಿಂದ ಅತ್ತೆಯವರು ನನಗೂ ಎಸೆಯುವುದನ್ನು ಕಲಿಸುತ್ತಿದ್ದಾರೆ. ನಾನು ಕೋಲನ್ನು ಪೊರಕೆಯಂತೆ ಹಿಡಿಯುತ್ತೇನಂತೆ. ಗಾಳದ ಮೊನೆ, ಮಕ್ಕಳ ಕೈಗೆಟುಕದಂತೆ ಇಡುವುದು, ಬಿಸಿಲು ಎಂದೆಲ್ಲ ತಾವು ಕೊಟ್ಟಿರುವ ಎಚ್ಚರಿಕೆಗಳ ಪಟ್ಟಿ ಬಹಳ ಉಪಯುಕ್ತವಾಗಿದೆ. ಅದರ ತುದಿಗೆ, ‘ಗಂಡನ ಕಡೆಯವರಿಂದ ಮೀನು ಹಿಡಿಯಲು ಕಲಿಯಬಾರದು’ ಎಂಬುದನ್ನೂ ದಪ್ಪಕ್ಷರದಲ್ಲಿ ಸೇರಿಸುವಷ್ಟು ಜಾಗ ಇನ್ನೂ ಖಾಲಿಯಿದೆ, ನಾನು ಅಳೆದು ನೋಡಿದ್ದೇನೆ.