ಒಂದೇ ಏರಿಯಾ, ಮೂರು ಟೆನರ್

ಮೈಕ್ ಕಟ್ಟುವವನ ಬದುಕಿನಲ್ಲಿ ಇಂಥವು ಆಗುತ್ತಲೇ ಇರುತ್ತವೆ. ಆಗದ ದಿನ ಊರಲ್ಲಿ ಕರೆಂಟ್ ಇರಲಿಲ್ಲ ಅಂತಲೇ ಅರ್ಥ.

ಶಿಕಾರಿಪುರದಲ್ಲಿ ನನ್ನದೊಂದು ಮೈಕ್ ಸೆಟ್ಟಿನ ಅಂಗಡಿ ಇದೆ. ಮದುವೆ, ಗೃಹಪ್ರವೇಶ, ಭಾಷಣ, ತಿಥಿಯೊಂದು ಬಿಟ್ಟು ಉಳಿದೆಲ್ಲ ಕಡೆ ನನ್ನ ಬಾಕ್ಸುಗಳು ಕೂಗಿವೆ. ಸೊರಬದಲ್ಲಿ ಇನ್ನೊಬ್ಬ ಮೈಕಿನವನಿದ್ದಾನೆ. ಅವನು ನನ್ನ ಷಡ್ಡಕ, ನನ್ನ ಹೆಂಡತಿಯ ತಂಗಿಯ ಗಂಡ. ಒಂದೇ ಮನೆಗೆ ಇಬ್ಬರು ಮೈಕಿನವರು ಅಳಿಯಂದಿರಾದದ್ದು ನನ್ನ ತಪ್ಪಿನಿಂದಲೇ. ನನ್ನ ಮದುವೆಯಲ್ಲಿ ಮದುಮಗನೇ ಕಂಬ ಹತ್ತಿ ಹಾರ್ನ್ ಕಟ್ಟಿದರೆ ನೋಡಲಿಕ್ಕೆ ಚೆನ್ನಾಗಿರುವುದಿಲ್ಲ ಎಂದು ಸೊರಬದಿಂದ ಅವನನ್ನು ಕರೆಸಿದ್ದೆ. ಅವನು ವೈರು ಎಳೆಯುತ್ತ ಎಳೆಯುತ್ತ ಮದುಮಗಳ ತಂಗಿಯನ್ನು ನೋಡಿಬಿಟ್ಟ.

ಅತ್ತೆಯ ಊರು ಕುಪ್ಪಗಡ್ಡೆ. ಆ ಮನೆಯಲ್ಲಿ ಏನು ಕಾರ್ಯವಾದರೂ ಅತ್ತೆ ನಮ್ಮಿಬ್ಬರನ್ನೂ ಬಿಟ್ಟು ಆನವಟ್ಟಿಯಿಂದ ಬೇರೆ ಮೈಕಿನವನನ್ನು ಕರೆಸುತ್ತಿದ್ದರು. ಒಬ್ಬ ಅಳಿಯನಿಗೆ ಹೇಳಿದರೆ ಇನ್ನೊಬ್ಬನಿಗೆ ಬೇಜಾರಾಗುತ್ತದಂತೆ. ಹೀಗಾಗಿ ಇಬ್ಬರಿಗೂ ಬೇಜಾರಾಗುತ್ತಿತ್ತು. ನನಗೆ ಒಂದು ತೂಕ ಹೆಚ್ಚು. ಹೆಣ್ಣು ನೋಡಲು ಹೋದಾಗ ಅತ್ತೆ ನನ್ನ ಎದುರಿಗೇ, "ಊರೆಲ್ಲ ಕೂಗ್ಸದೇ ಇವರ ಕೆಲಸನಾ?" ಎಂದು ಕೇಳಿದ್ದರು. ಅದೇ ಬಾಯಲ್ಲಿ ಒಂದು ಸಲವಾದರೂ "ದೊಡ್ಡ ಅಳಿಯನ ಮೈಕು ಚೆನ್ನಾಗೈತಿ" ಅನ್ನಿಸಬೇಕು ಎಂಬ ಆಸೆಯನ್ನು ನಾನು ಇಪ್ಪತ್ತನಾಲ್ಕು ವರ್ಷದಿಂದ ಇಟ್ಟುಕೊಂಡು ಕೂತಿದ್ದೆ. ಇದರ ನಡುವೆ ಮೂವರು ಇಟಲಿ ಭಾಷೆಯವರು ಬಂದರು.

೧. ಅಂಗಿಯ ಅಳತೆ

ಹೊಸ ಬಾಕ್ಸು ಕೊಂಡಾಗ ಶಿವಮೊಗ್ಗದ ವ್ಯಾಪಾರಿ ಒಂದು ಪೆನ್‌ಡ್ರೈವ್ ಕೊಟ್ಟ. "ಬಾಕ್ಸ್ ಟೆಸ್ಟ್ ಮಾಡಕ್ಕೆ ಸಿನಿಮಾ ಹಾಡು ಹಾಕ್ಬೇಡಿ, ಇದನ್ನ ಹಾಕಿ. ಇದು ಇಟಲಿ ಕಡೆ ನಾಟಕದ್ದು. ಅವ್ರಲ್ಲಿ ಎತ್ತರದ ದನಿ ಇರೋ ಗಂಡಸಿಗೆ ಟೆನರ್ ಅಂತಾರೆ. ಅವನು ಒಬ್ಬನೇ ನಿಂತು ಹಾಡೋ ಹಾಡಿಗೆ ಏರಿಯಾ ಅಂತಾರೆ. ಕೊನೇಲಿ ಒಂದು ಮೇಲಿನ ಸ್ವರ ಬರ್ತದೆ. ಅದನ್ನ ಒಡೀದೆ ಕೊಟ್ರೆ ಬಾಕ್ಸ್ ಗಟ್ಟಿ," ಎಂದ.

ಅದರಲ್ಲಿ ಇದ್ದದ್ದು ಒಂದೇ ಹಾಡು, ಹಾಡಿದವರು ಮೂವರು. ಹೆಸರಿಲ್ಲ, ಬರೀ ಒಂದು, ಎರಡು, ಮೂರು ಅಂತ ನಂಬರು. ಅಂಗಡಿಯಲ್ಲಿ ಹಾಕಿದೆ. ಪಕ್ಕದ ಅಂಗಡಿಯ ಟೈಲರ್ ಭಾಯ್ ಕೊರಳಿಗೆ ಟೇಪು ಹಾಕಿಕೊಂಡೇ ಬಂದು ಬಾಗಿಲಲ್ಲಿ ನಿಂತರು. ಅವರು ನಲವತ್ತು ವರ್ಷದಿಂದ ಊರಿನ ಎದೆ, ಸೊಂಟ, ಕುತ್ತಿಗೆ ಅಳೆದವರು. ಕಣ್ಣು ಮುಚ್ಚಿ ಮೊದಲನೆಯವನನ್ನು ಪೂರ್ತಿ ಕೇಳಿ, "ಇವರಿಗೆ ಕಾಲರ್ ಹದಿನೆಂಟು," ಎಂದರು.

"ಭಾಯ್, ಹಾಡು ಹೆಂಗೈತಿ ಹೇಳ್ರಿ ಅಂದ್ರೆ..."

"ಅದನ್ನೇ ಹೇಳಿದ್ನಲ್ರೀ. ಈ ದನಿ ಹದಿನೇಳರ ಕಾಲರ್‌ನಾಗೆ ಹಿಡಿಯಲ್ಲ, ಗುಂಡಿ ಕಿತ್ತು ಬರ್ತೈತಿ."

ಎರಡನೆಯವನಿಗೆ ಹದಿನೈದು ಅಂದರು. ಗಂಟಲು ಸಣ್ಣದು, ಅದಕ್ಕೇ ಅರ್ಧ ಮೂಗಿನಿಂದ ಬರುತ್ತಿದೆ ಎಂದು ಕಾರಣವನ್ನೂ ಕೊಟ್ಟರು. ಅಂದಿನಿಂದ ನಮ್ಮ ಬೀದಿಯಲ್ಲಿ ಅವರಿಬ್ಬರ ಹೆಸರು ಹದಿನೆಂಟು ಮತ್ತು ಹದಿನೈದು. ಮೂರನೆಯವನದು ಬಹಳ ಹಳೆಯ ರೆಕಾರ್ಡು. ಹಾಡಿನ ಉದ್ದಕ್ಕೂ ಹಿಂದೆ ಸಾಸಿವೆ ಸಿಡಿದ ಹಾಗೆ ಚಟಪಟ ಅನ್ನುತ್ತಿತ್ತು. ಅವನಿಗೆ ಒಗ್ಗರಣೆ ಎಂದು ನಾನೇ ಹೆಸರಿಟ್ಟೆ. "ಇವರಿಗೆ ಕಾಲರ್ ಎಷ್ಟು ಭಾಯ್?" ಎಂದು ಕೇಳಿದೆ.

ಭಾಯ್ ಟೇಪನ್ನು ಕೊರಳಿನಿಂದ ತೆಗೆದು ಸುತ್ತಿ ಜೇಬಿಗೆ ಹಾಕಿಕೊಂಡರು. "ಇವರಿಗೆ ಅಂಗಿ ಬ್ಯಾಡ ಬಿಡ್ರಿ. ಯಾವಾಗ್ಲೋ ತೀರ್ಕೊಂಡಿರ್ತಾರೆ."

೨. ನೋವಿನ ಪ್ರಶ್ನೆ

ಒಳ್ಳೆಯ ವಸ್ತುವನ್ನು ಷಡ್ಡಕನಿಗೆ ಕೊಡದೆ ಇಟ್ಟುಕೊಳ್ಳುವುದು ಸರಿಯಲ್ಲ ಎಂದು ಪೆನ್‌ಡ್ರೈವನ್ನು ಕಾಪಿ ಮಾಡಿ, ಯಾವ ನಂಬರಿಗೆ ನಮ್ಮ ಬೀದಿಯಲ್ಲಿ ಯಾವ ಹೆಸರು ಎಂದು ಚೀಟಿ ಬರೆದು ಸೊರಬಕ್ಕೆ ಕಳಿಸಿದೆ. ಅದು ನಾನು ಮಾಡಿದ ಎರಡನೆಯ ತಪ್ಪು.

ಮರುದಿನವೇ ಫೋನ್ ಬಂತು. "ಅಣ್ಣ, ಕೇಳಿದೆ. ಹದಿನೈದೇ ಹದಿನೈದು. ಉಳಿದವ್ರು ಎಂತಕ್ಕೂ ಬೇಡ."

ನಾನು ಸಮಾಧಾನದಿಂದಲೇ ಹೇಳಿದೆ. ಹದಿನೆಂಟು ಮೇಲಿನ ಸ್ವರ ಹಿಡಿದರೆ ಹನ್ನೊಂದು ಎಣಿಸುವವರೆಗೆ ಬಿಡುವುದಿಲ್ಲ. ಹದಿನೈದು ಎಂಟಕ್ಕೇ ಇಳಿದುಬಿಡುತ್ತಾನೆ. ನಾನು ಬೆರಳು ಮಡಚಿ ಎಣಿಸಿದ್ದೇನೆ, ಇದರಲ್ಲಿ ತಕರಾರಿಗೆ ಜಾಗವೇ ಇಲ್ಲ.

"ಎಂತ ಅಣ್ಣ ನೀವು! ಉಸಿರು ಹಿಡಿಯೋದು ಒಂದು ದೊಡ್ಡ ವಿಷ್ಯನಾ? ಕೆರೇಲಿ ಎಮ್ಮೆನೂ ಹಿಡೀತದೆ. ಹಾಡೋನಿಗೆ ಮೈಯಲ್ಲಿ ಎಲ್ಲಾದ್ರೂ ಒಂದು ಕಡೆ ನಿಜವಾಗ್ಲೂ ನೋಯ್ತಾ ಇರ್ಬೇಕು. ಆಗ ಮಾತ್ರ ಅದು ಹಾಡು. ನಿಮ್ಮ ಹದಿನೆಂಟಕ್ಕೆ ಎಲ್ಲೂ ನೋಯ್ತಾ ಇಲ್ಲ."

"ನಿನ್ನ ಹದಿನೈದಕ್ಕೆ ನೋವಲ್ಲ ಮಾರಾಯ, ನೆಗಡಿ," ಎಂದೆ.

ಅವನು ಫೋನ್ ಇಟ್ಟ. ನಾಲ್ಕು ತಿಂಗಳು ಮಾತಿಲ್ಲ. ಅಕ್ಕತಂಗಿಯರು ಮಾತ್ರ ದಿನಾ ಮಾತಾಡಿ, ನಾವಿಬ್ಬರೂ ಮಾತಾಡದೆ ಇರುವುದರಿಂದ ಎರಡೂ ಮನೆಗಳಲ್ಲಿ ಎಷ್ಟು ನೆಮ್ಮದಿ ಇದೆ ಎಂದು ಹೇಳಿಕೊಳ್ಳುತ್ತಿದ್ದರು.

ಮೂರನೆಯವರ ಅಭಿಪ್ರಾಯ ಇರಲಿ ಎಂದು ಒಂದು ಸಂಜೆ ಹೆಂಡತಿಯನ್ನು ಕೂರಿಸಿ ಮೂವರನ್ನೂ ಕೇಳಿಸಿದೆ. ಅವಳು ಬಹಳ ಹೊತ್ತು ಯೋಚಿಸಿ, "ಒಗ್ಗರಣೆಯೇ ಒಳ್ಳೆಯವನು," ಎಂದಳು.

"ಅವನ ದನಿಯೇ ಸರಿಯಾಗಿ ಕೇಳಲ್ವಲ್ಲೇ!"

"ಕೇಳದೇ ಇದ್ರೆ ಏನಾಯ್ತು? ಮೂವರಲ್ಲಿ ಅಡಿಗೆ ಮಾಡ್ತಾ ಮಾಡ್ತಾ ಹಾಡ್ತಿರೋನು ಅವನೊಬ್ನೇ."

೩. ಮೇಲೆ ಹೋದವನು

ಅಂಬ್ಲಿಗೊಳ ಕಡೆ ಕಾಲುವೆ ಕೆಲಸ ಹಿಡಿಯುವ ಗುತ್ತಿಗೆದಾರರೊಬ್ಬರು ಒಂದು ದಿನ ಬೈಕು ನಿಲ್ಲಿಸಿ ನೇರ ಅಂಗಡಿಯೊಳಗೆ ಬಂದರು. ಗುಟ್ಟಿನ ಮಾತಿನ ಹಾಗೆ ಹತ್ತಿರ ಸರಿದು, "ಏನ್ರೀ, ನಿಮ್ಮ ಹತ್ರ ಟೆಂಡರ್ ಬಂದಾವಂತೆ? ಟೈಲರ್ ಭಾಯ್ ಹೇಳಿದ್ರು," ಎಂದರು.

ನನಗೆ ಖುಷಿಯಾಯಿತು. ಊರಲ್ಲಿ ಸಂಗೀತ ಕೇಳುವವರು ಇನ್ನೊಬ್ಬರು ಸಿಕ್ಕಿದರು ಎಂದುಕೊಂಡೆ. ಪಾಪ, ಹೊಸ ಮಾತು, ಉಚ್ಚಾರ ಸ್ವಲ್ಪ ತಪ್ಪಿದೆ ಎಂದು ತಿದ್ದಲೂ ಹೋಗಲಿಲ್ಲ.

"ಬಂದಾವ್ರಿ. ಮೂರು ಬಂದಾವು."

"ಯಾವ ಏರಿಯಾ?"

"ಮೂರೂ ಒಂದೇ ಏರಿಯಾ."

ಅವರು ಕುರ್ಚಿ ಎಳೆದುಕೊಂಡು ಕೂತರು. "ಒಂದೇ ಏರಿಯಾಕ್ಕ ಮೂರಾ? ಪೈಪೋಟಿ ಜೋರೈತಿ ಅನ್ರಿ. ಯಾರಿಗೆ ಆಗೂ ಹಂಗೈತಿ?"

"ನನ್ನ ಕೇಳಿದ್ರೆ ಹದಿನೆಂಟಕ್ಕೇ ಆಗ್ಬೇಕು. ನಮ್ಮ ಷಡ್ಡಕ ಹದಿನೈದಕ್ಕೆ ಕೊಡ್ಬೇಕು ಅಂತಾನ."

"ಹದಿನೆಂಟು ಲಕ್ಷಕ್ಕ?" ಎಂದು ಅವರು ಕಣ್ಣರಳಿಸಿದರು. ಲಕ್ಷ ಎಂದರೆ ಕೇಳುಗರ ಸಂಖ್ಯೆ ಇರಬೇಕು ಎಂದುಕೊಂಡು ನಾನು, "ಜಾಸ್ತೀನೇ ಇರ್ತಾರ್ರೀ. ಲೋಕ ಎಲ್ಲ ಕೇಳೈತಿ. ಯಾಕಂದ್ರ ಮೂವರೊಳಗ ಅವನಷ್ಟು ಮೇಲೆ ಹೋಗೋರು ಯಾರೂ ಇಲ್ಲ," ಎಂದೆ.

ಗುತ್ತಿಗೆದಾರರು ನನ್ನನ್ನೇ ನೋಡಿದರು. ಆಮೇಲೆ ಎದ್ದು, ಹೆಗಲ ಮೇಲೆ ಕೈ ಇಟ್ಟು, ತಮ್ಮನಿಗೆ ಬುದ್ಧಿ ಹೇಳುವ ಹಾಗೆ ಹೇಳಿದರು: "ನೀವು ಮೈಕೇ ನೋಡ್ಕೊಳ್ರಿ. ಮೇಲೆ ಹೋದವನಿಗೆ ಯಾರೂ ಕೊಡಲ್ಲ. ಯಾವಾನು ಎಲ್ಲಾರಿಗಿಂತ ಕೆಳಗ ಹೋಗ್ತಾನೋ, ಅವನಿಗೇ ಆಗೋದು."

೪. ಹಗ್ಗ

ಬಳ್ಳಿಗಾವಿಯಲ್ಲಿ ಒಂದು ಗೃಹಪ್ರವೇಶ. ಮನೆ ತೋಟದ ಪಕ್ಕ, ಊರಿನಿಂದ ಸ್ವಲ್ಪ ಆಚೆ. ಬಾಕ್ಸು ಜೋಡಿಸಿ ಹದಿನೆಂಟನ್ನು ಹಾಕಿ, ಶಬ್ದ ದೂರಕ್ಕೆ ಹೇಗೆ ಹೋಗುತ್ತದೆ ನೋಡೋಣ ಎಂದು ಗದ್ದೆಯ ಬದುವಿನವರೆಗೆ ನಡೆದೆ. ಮೇಲಿನ ಸ್ವರ ಬಂತು. ನಾನು ಕಣ್ಣು ಮುಚ್ಚಿ ಎಣಿಸತೊಡಗಿದೆ. ಒಂಬತ್ತು ಅನ್ನುವಷ್ಟರಲ್ಲಿ ಧಡಧಡ ಹೆಜ್ಜೆ ಕೇಳಿಸಿತು. ನಾಲ್ಕು ಜನ ಗಂಡಸರು ಪಂಚೆ ಎತ್ತಿ ಕಟ್ಟಿ ಓಡಿಬರುತ್ತಿದ್ದರು. ಒಬ್ಬರ ಹೆಗಲ ಮೇಲೆ ಬಾವಿ ಹಗ್ಗ, ಇನ್ನೊಬ್ಬರ ಕೈಯಲ್ಲಿ ಏಣಿ.

"ಯಾವ ಬಾವಿ? ಯಾವ ಬಾವಿಗೆ ಬಿದ್ದಾನೆ?"

ಯಾರೂ ಬಿದ್ದಿಲ್ಲ, ಅದು ಹಾಡು ಎಂದು ತಿಳಿಸಲು ನನಗೆ ಹತ್ತು ನಿಮಿಷ ಬೇಕಾಯಿತು. ನಂಬಿಕೆ ಬರಲೆಂದು ಬಾಕ್ಸಿನ ಹತ್ತಿರ ಕರೆದುಕೊಂಡು ಹೋಗಿ ಇನ್ನೊಂದು ಸಲ ಹಾಕಿ ತೋರಿಸಿದೆ. ನಾಲ್ವರೂ ಕೈಕಟ್ಟಿ ನಿಂತು ಕೊನೆಯವರೆಗೆ ಕೇಳಿದರು. ಹಾಡು ಮುಗಿದ ಮೇಲೆ ರೆಕಾರ್ಡಿನಲ್ಲಿ ಜನ ಚಪ್ಪಾಳೆ ತಟ್ಟುವ ಸದ್ದು ಬಂತು.

ಹಗ್ಗದವರ ಮುಖ ಗಂಟಿಕ್ಕಿತು. "ಇಷ್ಟು ಜನ ಅಲ್ಲೇ ಇದ್ದಾರೆ," ಎಂದರು. "ಅವನು ಅಷ್ಟೊತ್ತಿಂದ ಕೂಗ್ಕೊಳ್ತಾ ಇದ್ರೂ ಒಬ್ಬನೂ ಹೋಗಿ ಎತ್ತಲಿಲ್ಲ. ಚಪ್ಪಾಳೆ ಬೇರೆ ಹೊಡೀತಾರೆ."

೫. ಅತ್ತೆಯ ತೀರ್ಪು

ಅತ್ತೆಗೆ ಎಂಬತ್ತು ತುಂಬಿತು. ಮನೆಯಂಗಳದಲ್ಲಿ ಚಪ್ಪರ ಹಾಕಿ ಊಟದ ಏರ್ಪಾಟು. ಆನವಟ್ಟಿಯ ಮೈಕಿನವನು ಅಂದು ಬೇರೆ ಕಡೆ ಒಪ್ಪಿಕೊಂಡಿದ್ದ. ಅತ್ತೆ ಇಬ್ಬರಿಗೂ ಹೇಳಿಕಳಿಸಿದರು: "ಇಬ್ರೂ ಒಂದೊಂದು ಬಾಕ್ಸು ತರ್ಲಿ. ಅದೆಂತದೋ ಹಾಡಿನ ಮೇಲೆ ಮಾತು ಬಿಟ್ಟಿದಾರಂತಲ್ಲ, ಅದನ್ನೂ ತರ್ಲಿ. ಕೇಳಿ ನಾನೇ ಹೇಳ್ತೀನಿ. ಗೆದ್ದೋರು ಇನ್ಮೇಲೆ ಈ ಮನೆ ಮೈಕು ಕಟ್ಲಿ."

ಹಿಂದಿನ ದಿನ ನನಗೆ ಊಟ ಸೇರಲಿಲ್ಲ. ನಗಬೇಡಿ, ಇಪ್ಪತ್ತನಾಲ್ಕು ವರ್ಷದ ಮಾತು.

ಎಡಕ್ಕೆ ನನ್ನ ಬಾಕ್ಸು, ಬಲಕ್ಕೆ ಷಡ್ಡಕನದು. ಅವರವರ ಆಂಪ್ಲಿಫೈಯರು ಅವರವರಿಗೆ. ಕೈಯಲ್ಲಿ ಹಿಡಿಯುವ ಕಾರ್ಡ್‌ಲೆಸ್ ಮೈಕು ಮಾತ್ರ ಒಂದೇ. ಹಿರಿಯ ಅಳಿಯ ಎಂದು ಅದನ್ನು ನನ್ನ ಆಂಪ್ಲಿಫೈಯರಿಗೆ ಸೇರಿಸಿದ್ದೆವು. "ಎಲ್ಲರೂ ಊಟಕ್ಕೆ ಬರಬೇಕು" ಎಂದು ಕೂಗಲು ಗಾಂಭೀರ್ಯ ಬರಲಿ ಅಂತ ಅದಕ್ಕೆ ಎಕೋ ಬೇರೆ ಹಾಕಿದ್ದೆ.

ಅತ್ತೆ ನಡುವೆ ಕುರ್ಚಿಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಕೂತರು. ಮೊದಲು ನನ್ನ ಹದಿನೆಂಟು. ಶಬ್ದವನ್ನು ಪೂರ್ತಿ ಏರಿಸಿದೆ. ಮೇಲಿನ ಸ್ವರಕ್ಕೆ ಚಪ್ಪರದ ಮಾವಿನೆಲೆ ಅಲುಗಿತು. ಅತ್ತೆಯ ಮುಖದಲ್ಲಿ ಏನೂ ಅಲುಗಲಿಲ್ಲ. "ಆಯ್ತಾ? ಮುಂದಿನೋನು," ಎಂದರು.

ಹದಿನೈದು ಶುರುವಾದ. ಷಡ್ಡಕ ಒಂದು ಕೈಯಲ್ಲಿ ಮೈಕು ಹಿಡಿದು, ಇನ್ನೊಂದು ಕೈ ಎದೆಯ ಮೇಲಿಟ್ಟು, ತಾನೇ ನೋಯುತ್ತಿರುವವನ ಹಾಗೆ ನಿಂತಿದ್ದ. ಮೇಲಿನ ಸ್ವರಕ್ಕೆ ಇನ್ನೇನು ಒಂದು ಮೆಟ್ಟಿಲು ಇದೆ ಅನ್ನುವಾಗ ಕರೆಂಟ್ ಹೋಯಿತು. ನನಗೆ ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ.

ಕರೆಂಟ್ ಹೋದದ್ದೋ ತನ್ನ ವೈರೇ ಕಿತ್ತದ್ದೋ ನೋಡಲು ಷಡ್ಡಕ ಬಾಕ್ಸಿನ ಹಿಂದೆ ಹೋದ. ಮೈಕು ಕೈಯಲ್ಲೇ ಇತ್ತು. ಇನ್ನೊಂದು ಕೈಯಿಂದ ಬಾಕ್ಸಿನ ತುದಿ ಎತ್ತಿ ಕೆಳಗೆ ಇಣುಕಿದ. ಆಗ ಕರೆಂಟ್ ಬಂತು. ಆಗಲೇ ಬಾಕ್ಸು ಜಾರಿ ಅವನ ಹೆಬ್ಬೆರಳಿನ ಮೇಲೆ ಕೂತಿತು.

"ಅಯ್ಯಯ್ಯೋ... ಸತ್ತೇ..."

ನನ್ನ ಆಂಪ್ಲಿಫೈಯರು ಪೂರ್ತಿ ಏರಿಸಿದ್ದು ಹಾಗೆಯೇ ಇತ್ತು. ಎಕೋ ಕೂಡ ಇತ್ತು. "ಸತ್ತೇ... ತ್ತೇ... ತ್ತೇ..." ಎಂದು ಕುಪ್ಪಗಡ್ಡೆಯ ಗದ್ದೆ ಬಯಲೆಲ್ಲ ತುಂಬಿತು. ಅಭ್ಯಾಸ ಬಲ, ನಾನು ಬೆರಳು ಮಡಚಿ ಎಣಿಸಿದೆ. ಹದಿನಾಲ್ಕಕ್ಕೆ ನಿಂತಿತು. ಹದಿನೆಂಟರ ಹನ್ನೊಂದಕ್ಕಿಂತ ಮೂರು ಹೆಚ್ಚು. ನಿಜವಾದ ನೋವು ಇತ್ತು ಎಂಬುದರಲ್ಲೂ ಅನುಮಾನವಿರಲಿಲ್ಲ.

ಅತ್ತೆ ಅಗಿಯುವುದನ್ನು ನಿಲ್ಲಿಸಿದ್ದರು. ಸೆರಗಿನಿಂದ ಕಣ್ಣು ಒರೆಸಿಕೊಂಡು, "ಯಾರಿದು ಹಾಡಿದ್ದು?" ಎಂದರು.

"ನಿಮ್ಮ ಸಣ್ಣ ಅಳಿಯ," ಎಂದೆ. ಬಾಕ್ಸಿನ ಹಿಂದೆ ಅವನು ಕಾಲು ಹಿಡಿದು ಕೂತದ್ದು ಅವರಿಗೆ ಕಾಣುತ್ತಿರಲಿಲ್ಲ.

"ಆ ಇಬ್ಬರು ಏನು ಒದರಿದ್ರೋ, ಒಂದಕ್ಷರ ತಿಳೀಲಿಲ್ಲ. ಇವನದು ನೋಡು, ಎಷ್ಟು ಸ್ಪಷ್ಟ. ಅತ್ತೇ, ಅತ್ತೇ ಅಂತ ಬಾಯ್ತುಂಬ ಕರ್ದು ಹಾಡಿದ. ಎಂಬತ್ತು ವರ್ಷದಲ್ಲಿ ನನ್ನ ಮೇಲೆ ಯಾರೂ ಹಾಡು ಕಟ್ಟಿರ್ಲಿಲ್ಲ."

"ಅತ್ತೆ, ಅದು 'ಅತ್ತೆ' ಅಲ್ಲ..." ಎಂದು ಬಾಯಿ ತೆರೆದೆ. ಹೆಂಡತಿ ಹಿಂದಿನಿಂದ ಸರಿಯಾಗಿ ಜಿಗುಟಿದಳು. ಎಂಬತ್ತು ತುಂಬಿದವರ ಎದುರು, ಅದೂ ಅವರ ಹುಟ್ಟಿದ ದಿನ, ಆ ಇನ್ನೊಂದು ಮಾತನ್ನು ಹೇಳುವುದು ಹೇಗೆ? ಇಪ್ಪತ್ತನಾಲ್ಕು ವರ್ಷದ ಆಸೆ ಒಂದು ಹೆಬ್ಬೆರಳಿನ ಕೆಳಗೆ ಹೋಯಿತಲ್ಲ ಎಂದು ಹೊಟ್ಟೆ ಉರಿಯಿತು.

ಅಷ್ಟರಲ್ಲಿ ಅತ್ತೆ ಎಡಕ್ಕೆ ತಿರುಗಿ, "ದನಿ ಈ ಕಡೆಯಿಂದ ಬಂತಲ್ಲ, ಯಾರ ಬಾಕ್ಸು ಇದು?" ಎಂದರು.

"ನಂದು ಅತ್ತೆ."

"ದೊಡ್ಡ ಅಳಿಯನ ಮೈಕು ಚೆನ್ನಾಗೈತಿ," ಎಂದರು ಅತ್ತೆ, ನೂರು ಜನರ ಎದುರು. "ಇನ್ಮೇಲೆ ಈ ಮನೇಲಿ ಮೈಕು ದೊಡ್ಡೋನ್ದು, ಹಾಡು ಸಣ್ಣೋನ್ದು."

ನನ್ನ ಕಣ್ಣಲ್ಲಿ ನೀರು ಬಂತು. ಬಲಗಡೆ ಷಡ್ಡಕನ ಕಣ್ಣಲ್ಲೂ ಇತ್ತು, ಕಾರಣ ಬೇರೆ.

ಅತ್ತೆ ಕುರ್ಚಿಯಲ್ಲಿ ಸರಿಯಾಗಿ ಕೂತು, ಸೆರಗು ಹೊದ್ದು, "ಇನ್ನೊಂದು ಸಲ ಹಾಡ್ಸಿ," ಎಂದರು.

ಷಡ್ಡಕ ನನ್ನ ಮುಖ ನೋಡಿ ಬೇಡ ಬೇಡ ಎಂದು ತಲೆ ಅಲ್ಲಾಡಿಸಿದ. ಆದರೆ ಎಂಬತ್ತು ತುಂಬಿದ ಹಿರಿಯರ ಮಾತು ತೆಗೆದುಹಾಕಲು ನನಗೆ ಮನಸ್ಸು ಬರಲಿಲ್ಲ. ಮೈಕನ್ನು ಅವನ ಕೈಗೇ ಕೊಟ್ಟು ಬಾಯಿಯ ಹತ್ತಿರ ಹಿಡಿಸಿದೆ. ಬಾಕ್ಸಿನ ತುದಿಯನ್ನು ಎರಡೂ ಕೈಯಿಂದ ಎತ್ತಿ ಹಿಡಿದು, "ಕಾಲು ಕೊಡು ಮಾರಾಯ," ಎಂದೆ.