ಹವಳಕ್ಕೂ ಒಂದು ಮಡಿ

ನನ್ನ ಬಾಯಿಯನ್ನಾದರೂ ಹೇಗೋ ಕಟ್ಟಬಹುದು, ಕೈ ಕಟ್ಟುವುದು ಆ ಬ್ರಹ್ಮನಿಂದಲೂ ಆಗದು. ಬಟ್ಟೆ ಅಂಗಡಿಯಲ್ಲಿ ಕೊಳ್ಳದ ಸೀರೆಯ ಸೆರಗನ್ನೂ ಹೊಸಕಿ ನೋಡುತ್ತೇನೆ. ಬೆಂಡೆಕಾಯಿಯ ತುದಿ ಚಟ್ಟನೆ ಮುರಿದು, ಎಳೆಯದೋ ಬಲಿತದ್ದೋ ಎಂದು ನೋಡದೆ ಚೀಲಕ್ಕೆ ಹಾಕಿದವಳೇ ಅಲ್ಲ. ನಮ್ಮ ಮಾನ್ವಿಯ ಕಾಯಿಪಲ್ಲೆ ಮಾರುವವರು ಇದಕ್ಕೆ ಬೈಯುತ್ತಾರೆ, ನಾವು ಬೈಸಿಕೊಳ್ಳುತ್ತೇವೆ, ಮುರಿಯುವುದು ಮಾತ್ರ ನಿಲ್ಲುವುದಿಲ್ಲ. ಇಂಥವಳು ಹೋಗಿ ಹೋಗಿ ಏನನ್ನೂ ಮುಟ್ಟಬಾರದ ಕೆಲಸಕ್ಕೆ ಹೆಸರು ಕೊಟ್ಟೆ ನೋಡಿ.

ಕೆಲಸ ಇಷ್ಟೇ: ಸಮುದ್ರದಲ್ಲಿ ಮುಳುಗಿ ಹವಳದ ದಿಬ್ಬಗಳ ಸಮೀಕ್ಷೆ ಮಾಡುವುದು. ಯಾವ ಹವಳ ಬದುಕಿದೆ, ಯಾವುದು ಬಿಳಿಚಿಕೊಂಡಿದೆ ಎಂದು ನೋಡಿ ಬರಲು ಸ್ವಯಂಸೇವಕರು ಬೇಕಾಗಿದ್ದರು. ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುತ್ತಾ ಬೋರ್ಡಿನ ಮೇಲೆ ಹವಳ ಬರೆದೂ ಬರೆದೂ ಸುಣ್ಣದ ಕಡ್ಡಿ ಸವೆಸಿದ ನಾನು ಜೀವಂತ ಹವಳವನ್ನು ಒಮ್ಮೆಯೂ ಕಂಡಿರಲಿಲ್ಲ. ಸಾಯುವುದರೊಳಗೆ ನೋಡಲೇಬೇಕೆಂಬ ಹಟ. ಈಜು ಮೊದಲೇ ಬರುತ್ತಿತ್ತು, ಯಾಪಲದಿನ್ನಿಯ ಸೋದರಮಾವನ ಬಾವಿಯ ಕೃಪೆ. ರಾಯಚೂರು ಸೀಮೆಯಲ್ಲಿ ಎಲ್ಲಿಯ ಸಮುದ್ರ ಎಂದು ಎಲ್ಲರೂ ನಕ್ಕರು. ಪಕ್ಕದ ಮನೆಯಾಕೆ ಮಾತ್ರ ನಗಲಿಲ್ಲ, ಬರುವಾಗ ತಾಳಿಗೆ ಎರಡು ಹವಳ ತಂದುಕೊಡಿ ಎಂದು ಹೇಳಿಟ್ಟರು. ದೇವದುರ್ಗದ ಮಾಸ್ತರರೊಬ್ಬರು, ಶಕ್ತಿನಗರದ ಇಬ್ಬರು ಎಂಜಿನಿಯರುಗಳು ಸೇರಿ ನಮ್ಮದೊಂದು ತಂಡವೂ ಆಯಿತು.

ಕಲಿಸಲು ಕರಾವಳಿಯಿಂದ ಬಂದ ಹುಡುಗಿ ನಿಖಿತಾ. ರಾಯಚೂರಿನ ಈಜುಕೊಳದ ತಳದಲ್ಲಿ ಪ್ಲಾಸ್ಟಿಕ್ ಹವಳಗಳನ್ನು ಜೋಡಿಸಿದ್ದಳು. ಬೆನ್ನಿಗೆ ಗಾಳಿಯ ಸಿಲಿಂಡರು, ಬಾಯಲ್ಲಿ ಉಸಿರಾಡುವ ನಳಿಗೆ, ಹವಳಗಳ ಮೇಲೆ ತೇಲುತ್ತಾ ಸಾಗಬೇಕು. ಮುಟ್ಟಿದರೆ ಫೇಲು. ನಿಜವಾದ ಹವಳ ಬೆರಳಷ್ಟು ಬೆಳೆಯಲು ವರ್ಷಗಳೇ ಬೇಕು, ಮುರಿದರೆ ಹೋಯಿತು ಎಂದು ಹೇಳಿ ಹೇಳಿ ಅವಳ ಗಂಟಲು ಬಿದ್ದಿತ್ತು. ನಾನು ತಲೆಯಾಡಿಸಿಯೇ ಇಳಿದೆ. ಕೆಳಗೆ ಬೆರಳು ಬೆರಳಾಗಿ ಟಿಸಿಲೊಡೆದ ಹಸಿರು ಹವಳ. ಮುಂದಿನದು ನಿಮಗೆ ಗೊತ್ತೇ ಇದೆ. ಮೇಲೆ ಬಂದಾಗ ಮುರಿದ ತುದಿ ನನ್ನ ಕೈಯಲ್ಲೇ ಇತ್ತು. ಬರುವ ಭಾನುವಾರ ಇನ್ನೊಂದು ಅವಕಾಶ, ಅದೂ ತಪ್ಪಿದರೆ ಸಮುದ್ರಕ್ಕೆ ಕರೆದೊಯ್ಯುವುದಿಲ್ಲ ಎಂದಳು. ನನಗೆ ಅಳುವೇ ಬಂತು. ಮುಖಕ್ಕೆ ಕಟ್ಟಿದ ಗಾಜಿನೊಳಗೆ ನೀರು ಹೊಕ್ಕಿದೆ ಎಂದು ಮಾಸ್ತರರಿಗೆ ಸುಳ್ಳು ಹೇಳಿದೆ.

ಮರುದಿನ ಬೆಳಿಗ್ಗೆ ಪಡಸಾಲೆಯಲ್ಲಿ ಮುಖ ಊದಿಸಿಕೊಂಡು ಕೂತಿದ್ದಾಗ ಅತ್ತೆ ಮಡಿಯುಟ್ಟು ಬಂದರು. ಮಡಿಯ ವಿಷಯಕ್ಕೆ ನನಗೂ ಅವರಿಗೂ ಮದುವೆಯಾದಂದಿನಿಂದ ವಾದ. ಮನುಷ್ಯರು ಮನುಷ್ಯರನ್ನು ಮುಟ್ಟಿದರೆ ಏನೂ ಕೆಡುವುದಿಲ್ಲ ಎಂಬುದು ನನ್ನ ಪಕ್ಷ, ಅದು ಈಗಲೂ ಬದಲಾಗಿಲ್ಲ. ಆದರೆ ಅಂದು ಅವರ ನಡಿಗೆಯನ್ನೇ ನೋಡುತ್ತಾ ಕೂತೆ. ಎಡಕ್ಕೆ ಹಗ್ಗದ ಮೇಲಿನ ಬಟ್ಟೆ, ಬಲಕ್ಕೆ ನಾನು, ನಡುವೆ ಮಗಳ ಶಾಲೆಯ ಚೀಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮೊಣಕೈ ಪಕ್ಕೆಗೆ ಅಂಟಿಸಿ, ಅವಸರವಿಲ್ಲದೆ ಉಸಿರಾಡುತ್ತಾ, ಕಣ್ಣಲ್ಲೇ ದಾರಿ ಅಳೆದುಕೊಂಡು ಅತ್ತೆ ದೇವರ ಕೋಣೆ ಸೇರಿದರು. ಒಂದು ನೂಲೂ ತಾಗಲಿಲ್ಲ. ಭಾನುವಾರ ನಾನು ಆ ಪ್ಲಾಸ್ಟಿಕ್ ಹವಳಗಳನ್ನೆಲ್ಲ ಮಡಿಯುಟ್ಟ ಅತ್ತೆಯರೆಂದೇ ತಿಳಿದೆ. ಅಷ್ಟೊಂದು ಅತ್ತೆಯರ ಬೈಗುಳ ಯಾರಿಗೆ ಬೇಕು? ಕೈ ತಾನಾಗಿಯೇ ಎದೆಗೆ ಅಂಟಿಕೊಂಡಿತು. ಪಾಸಾದೆ.

ಇದನ್ನು ಎಲ್ಲಿ ಕಲಿತಿರಿ ಮೇಡಂ ಎಂದು ನಿಖಿತಾ ಕೇಳಿದಾಗ ಇದ್ದದ್ದು ಇದ್ದಂತೆ ಹೇಳಿದ್ದೇ ತಪ್ಪಾಯಿತು. ಸಮುದ್ರಕ್ಕೆ ಹೊರಡುವ ಮೊದಲು ಉಳಿದವರಿಗೂ ತೋರಿಸಲಿ ಎಂದು ಅತ್ತೆಯನ್ನೇ ಕರೆಸಿದಳು. ಅತ್ತೆ ಇಳಕಲ್ ಸೀರೆಯುಟ್ಟು ಕೊಳದ ಅಂಚಿನಲ್ಲಿ ನಡೆದು ತೋರಿಸಿದರು, ಎಂಜಿನಿಯರುಗಳು ಮೊಣಕೈ ಮಡಚಿಕೊಂಡು ಹಿಂದೆ ಹಿಂದೆ ನಡೆದರು. ನಾನು ನೀರಿನಲ್ಲಿ ತಲೆಯಷ್ಟೇ ಹೊರಗಿಟ್ಟು, ಮಾದರಿ ತೋರಿಸಲು ಸಜ್ಜಾಗಿ ನಿಂತಿದ್ದೆ. ಅತ್ತೆ ನನ್ನತ್ತ ಬೆರಳು ಮಾಡಿದರು.

"ಮುಟ್ಟಬ್ಯಾಡ ಅಂತ ಈಕಿ ಮದಿವ್ಯಾಗಿ ಬಂದಾಗಿಂದ ಬಡಕೋಳಿಕ್ಕತ್ತೀನ್ರಿ. ಒಂದಿನಾ ಸುಮ್ಮ ಕೇಳಲಿಲ್ಲ, ಬರೇ ವಾದ. ಈಗ ನೋಡ್ರಿ, ಎಷ್ಟು ಶಾಣ್ಯಾಕಿ ಆಗ್ಯಾಳ."

ಅದು ಬೇರೆ, ಇದು ಬೇರೆ ಎಂದು ಅಲ್ಲೇ, ಆಗಲೇ ವಾದಿಸಬೇಕೆನಿಸಿತು. ಬಾಯಲ್ಲಿ ನಳಿಗೆ ಇತ್ತು.