ಲಿಥಿಯಮ್, ಅಪ್ಪ ಮತ್ತು ಸಂಜೆಯ ಊಟ

ಆತುರದವರು ಮುಂಬಾಗಿಲಿಗೇ ನುಗ್ಗುತ್ತಾರೆ. ಇದನ್ನು ಹೇಳುವ ಹಕ್ಕು ನನಗುಂಟು, ನಾನೂ ಆ ಪೈಕಿಯವಳೇ. ಮೈಸೂರಿನಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಓದುವಾಗ ನನ್ನ ಪಾಲಿಗೆ ಬಂದದ್ದೂ ಅಂಥದೇ ವಸ್ತು, ಆರ್ಗನೊಲಿಥಿಯಮ್. ಗಾಳಿಯ ತೇವ ಸೋಕಿದರೂ ಕೆಡುವ ಮಹಾ ಸಿಡುಕ. ಅಪರ್ಯಾಪ್ತ ಕೀಟೋನಿನ, ಅಂದರೆ ಪಕ್ಕದಲ್ಲೇ ಇಂಗಾಲಗಳ ದ್ವಿಬಂಧವೊಂದನ್ನು ಇಟ್ಟುಕೊಂಡ ಕೀಟೋನಿನ ಮುಂದೆ ಬಿಟ್ಟರೆ ಸೀದಾ ಯಜಮಾನನ ಮೇಲೆ, ಅಂದರೆ ಆಮ್ಲಜನಕ ಹೊತ್ತ ಇಂಗಾಲದ ಮೇಲೆಯೇ ಬೀಳುತ್ತದೆ. ಕೀಟೋನು ಕೀಟೋನಾಗಿ ಉಳಿಯುವುದಿಲ್ಲ, ಹೆಸರಿನ ಕೊನೆಯ ‘ಓನ್’ ಹೋಗಿ ‘ಓಲ್’ ಆಗುತ್ತದೆ. ಅದಕ್ಕೇ ಒಂದಿಷ್ಟು ತಾಮ್ರದ ಲವಣ ಬೆರೆಸಿ ನೋಡಿ, ಎಷ್ಟು ಸಾಧು! ಯಜಮಾನನ ತಂಟೆಗೆ ಹೋಗದೆ ದ್ವಿಬಂಧದ ಆಚೆ ತುದಿಯಲ್ಲಿ ಸದ್ದಿಲ್ಲದೆ ಸೇರಿಕೊಳ್ಳುತ್ತದೆ. ಕೀಟೋನಿನ ಹೆಸರಿನ ಬಾಲವೂ ಉಳಿಯುತ್ತದೆ, ಮರ್ಯಾದೆಯೂ ಉಳಿಯುತ್ತದೆ.

ಇಷ್ಟೆಲ್ಲ ಓದಿದವಳು ರಜೆಗೆ ಗಡಿಯಾಚೆಯ ಪನಮರಂನ ಮನೆಗೆ ಬಂದು ಮಾಡಿದ್ದೇನು? ಕೊನೆಯ ವರ್ಷಕ್ಕೆ ಕಳಿಸುವುದಿಲ್ಲ, ಗಂಡು ನೋಡುತ್ತೇನೆ ಎಂದಿದ್ದರು ಅಪ್ಪ. ನಾವು ಜೈನರು, ಹೊತ್ತು ಮುಳುಗಿದ ಮೇಲೆ ಉಣ್ಣುವವರಲ್ಲ. ಅಪ್ಪ ಗದ್ದೆಯಿಂದ ಓಡೋಡಿ ಬಂದು ಎಲೆಯ ಮುಂದೆ ಕೂತರೋ ಇಲ್ಲವೋ, ನಾನು ವಾದಕ್ಕೆ ನಿಂತೆ. ವಾದವೇನೋ ಚೆನ್ನಾಗಿತ್ತು. ಮುಗಿಯುವಷ್ಟರಲ್ಲಿ ಹೊರಗೆ ಕತ್ತಲು, ಎಲೆಯಲ್ಲಿ ಅನ್ನ ಹಾಗೇ ಇತ್ತು. “ಇನ್ನು ಊಟವೂ ಇಲ್ಲ, ನಿನ್ನ ಓದೂ ಇಲ್ಲ” ಎಂದು ಅಪ್ಪ ಎದ್ದುಹೋದರು. ನಾನು ಅತ್ತುಬಿಟ್ಟೆ.

ತಾಮ್ರ ಪಕ್ಕದ ಮನೆಯಲ್ಲೇ ಇತ್ತು. ತಿರುವಾಂಕೂರಿನಿಂದ ಬಂದು ಕಾಡು ಕಡಿದು ನೆಲೆನಿಂತಿದ್ದ, ಅಕ್ಕ ಎಂಬರ್ಥದಲ್ಲಿ ಎಲ್ಲರೂ ಚೇಡತ್ತಿ ಎನ್ನುತ್ತಿದ್ದ ಮರಿಯಮ್ಮ ಮೊದಲ ಸಲ ನಮಗೆ ಮರಗೆಣಸು ತಂದಿದ್ದರು. ನಾವು ಗೆಡ್ಡೆ ತಿನ್ನುವುದಿಲ್ಲವೆಂದು ಗೊತ್ತಾದ ಮೇಲೆ ನೇಂದ್ರಬಾಳೆ ತರತೊಡಗಿದರು. ನನ್ನ ಗೋಳು ಕೇಳಿ ಅವರು ಅಪ್ಪನ ಕಡೆ ತಲೆಯೂ ಹಾಕಲಿಲ್ಲ. ಗೊನೆಯೊಂದನ್ನು ಹಿಡಿದು ಹಿತ್ತಿಲಿಂದ ಬಂದು, ಅಡುಗೆಮನೆಯಲ್ಲಿ ಅಜ್ಜಿಯ ಪಕ್ಕ ಕೂತು, ನರ್ಸಿಂಗ್ ಕಲಿಯುತ್ತಿದ್ದ ತಮ್ಮ ಮಗಳ ಸುದ್ದಿ ಹೇಳಿಹೋದರು, ಅಷ್ಟೇ.

ಮರುದಿನ ಅಪ್ಪನ ಊಟ ಮುಗಿಯುವವರೆಗೂ ಅಜ್ಜಿ ಕಾದರು. ಆಮೇಲೆ ಮೆಲ್ಲಗೆ, “ನೀ ಹೇಳ್ದಂಗೇ ಆಗ್ಲಿ ಮಗ. ಚೇಡತ್ತಿ ಮಗಳು ಓದು ಮುಗಿಸ್ತಾಳಂತೆ. ನಮ್ಮವಳು ಅರ್ಧಕ್ಕೆ ನಿಂತ್ರೆ ಪೇಟೇಲಿ ಕೇಳೋದು ನಿನ್ನನ್ನೇ” ಎಂದರು.

ಅಪ್ಪ ಬಹಳ ಹೊತ್ತು ಅಡಿಕೆ ಅಗಿದರು. “ನಾನು ತೀರ್ಮಾನ ಮಾಡಾಯ್ತು. ಅವಳು ಹೋಗ್ಲಿ. ಯಾರೂ ಅಡ್ಡ ಮಾತಾಡಬಾರದು.”

ಯಾರೂ ಆಡಲಿಲ್ಲ.

ಪರೀಕ್ಷೆಯಲ್ಲಿ ಅಪರ್ಯಾಪ್ತ ಕೀಟೋನಿಗೆ ಹೆಸರಿಡುವ ಪ್ರಶ್ನೆಯೇ ಬಂತು. ಇಂಗಾಲಗಳನ್ನು ಕೀಟೋನಿನ ಕಡೆಯಿಂದ ಎಣಿಸಬೇಕೆಂಬ ನಿಯಮ ಗೊತ್ತಿತ್ತು, ಕೈ ಕೇಳಲಿಲ್ಲ. ಕೆಲಸ ಎಲ್ಲಿ ನಡೆಯುತ್ತದೆಂದು ಕಣ್ಣಾರೆ ಕಂಡವಳು ದ್ವಿಬಂಧದ ಕಡೆಯಿಂದ, ಅಂದರೆ ಅಜ್ಜಿಯ ಕಡೆಯಿಂದ, ಎಣಿಸಿ ಬರೆದೆ. ಪಾಸಾದೆನಾದರೂ ಆ ಪ್ರಶ್ನೆಗೆ ಸೊನ್ನೆ. ಮನೆಗೆ ಬಂದು ಹೇಳಿದಾಗ ಅಜ್ಜಿ ಸುಮ್ಮನೆ ನಕ್ಕರು. ಅಪ್ಪ ಮಾತ್ರ, ಪೇಪರು ತಿದ್ದಿದವರು ತಿಳಿದವರು ಎಂದರು.